ಸೀಸೆಯ ಚೀಟಿಯಲ್ಲೊಂದು ಊರು

ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ನೀಳ ಕತ್ತಿನ ಒಂದು ಹಸಿರು ಸೀಸೆ ಇದೆ. ಅದರಲ್ಲಿ ಮನಿಪ್ಲಾಂಟ್ ಬಳ್ಳಿ ಬೆಳೆದು ಕಿಟಕಿಯ ಸರಳುಗಳನ್ನು ಸುತ್ತಿಕೊಂಡಿದೆ. ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗ ರಜಕ್ಕೆ ಮುಂಬಯಿಗೆ ಬಂದಾಗ, ಮಾಮಿಗೆ ಬಳ್ಳಿ ಇಡಲು ಚೆನ್ನಾಗಿರುತ್ತದೆ ಎಂದು ತನ್ನ ಬಟ್ಟೆಗಳ ನಡುವೆ ಸುತ್ತಿ ತಂದ ಖಾಲಿ ಸೀಸೆ ಅದು. ಅದರೊಳಗಿದ್ದ ದ್ರಾಕ್ಷಾರಸವನ್ನು ಯಾರು ಕುಡಿದರು ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಆ ಅಭ್ಯಾಸ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಆದ್ದರಿಂದ ಈ ಲೇಖನವನ್ನು ಯಾರೂ ಪಾನಪ್ರಚಾರವೆಂದು ಭಾವಿಸಬಾರದಾಗಿ ವಿನಂತಿ.

ನಮ್ಮ ಗಮನ ಸೆಳೆದದ್ದು ಸೀಸೆಗೆ ಅಂಟಿಸಿದ್ದ ಚೀಟಿ. ಅದರ ಮೇಲೆ ‘ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್’ ಎಂದು ದಪ್ಪಕ್ಷರಗಳಲ್ಲಿಯೂ, ಕೆಳಗೆ ‘ಮೋಸೆಲ್’ ಎಂದೂ, ಮೂಲೆಯಲ್ಲಿ ‘ಎ.ಪಿ. ನಂಬರ್’ ಎಂದು ಹತ್ತು ಹನ್ನೆರಡು ಅಂಕಿಗಳ ಒಂದು ಸಾಲೂ ಇದ್ದವು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಕಟ್ಟಿದವರಿಗೆ ಅಂಥ ಸಂಖ್ಯೆಯನ್ನು ಕಂಡರೆ ಕೈ ತುರಿಸುವುದು ಸಹಜ. ಶಾಖೆ ಯಾವುದು, ಅರ್ಜಿದಾರ ಯಾರು, ಎಷ್ಟನೆಯ ಕಾಗದ, ಯಾವ ವರ್ಷ ಎಂಬ ನಾಲ್ಕು ಸಂಗತಿಗಳನ್ನು ಹೊತ್ತ ನಮ್ಮ ಕಡತ ಸಂಖ್ಯೆಯಂತೆಯೇ ಕಾಣುತ್ತಿತ್ತು. ವಿಚಾರಿಸಿ ನೋಡಿದರೆ ಊಹೆ ನಿಜವಾಯಿತು. ಮೊದಲ ಅಂಕಿ ಪರೀಕ್ಷಾ ಕಚೇರಿಯದು, ನಂತರದವು ಊರಿನದು ಮತ್ತು ಸೀಸೆ ತುಂಬಿದವನದು, ಆಮೇಲಿನದು ಆ ರಸದ ತಂಡದ್ದು, ಕೊನೆಯ ಎರಡು ಅಂಕಿ ಪರೀಕ್ಷೆ ನಡೆದ ವರ್ಷದ್ದು. ಅಲ್ಲಿಂದ ಹಿಡಿದ ಗೀಳು ಒಂದು ಮಳೆಗಾಲ ಪೂರ್ತಿ ನಮ್ಮನ್ನು ಬಿಡಲಿಲ್ಲ. ಪೀಸ್‌ಪೋರ್ಟ್ ಎಂದರೆ ಊರಿನ ಹೆಸರು. ಹಾಗಾದರೆ ಈ ಸೀಸೆಯ ರಸ ಆ ಊರಿನದೇ ಎಂದು ಎಲ್ಲರಂತೆ ನಾವೂ ನಂಬಿದ್ದೆವು. ಆ ನಂಬಿಕೆಗೆ ಏನಾಯಿತೆಂಬುದೇ ಈ ಕಥೆ.

ದ್ರಾಕ್ಷಿ ಬಿಸಿಲನ್ನು ಬೇಡುವ ಬಳ್ಳಿ. ಜರ್ಮನಿಯ ದ್ರಾಕ್ಷಿತೋಟಗಳೋ ಬಹುಪಾಲು ಉತ್ತರ ಅಕ್ಷಾಂಶ 49ರಿಂದ 51 ಡಿಗ್ರಿಗಳ ಸುತ್ತಮುತ್ತ ಇವೆ. ಅಂಥ ಕಡೆ ಹಣ್ಣು ಮಾಗಬೇಕಾದರೆ ಇಳಿಬಿಸಿಲನ್ನು ಎದೆಗೊಟ್ಟು ಹಿಡಿಯುವ ದಕ್ಷಿಣಮುಖದ ಇಳಿಜಾರು ಬೇಕು, ಕೆಳಗೆ ಬೆಳಕನ್ನು ಮರಳಿ ಎಸೆಯುವ ಹೊಳೆ ಬೇಕು, ಹಗಲಿನ ಕಾವನ್ನು ರಾತ್ರಿಗೆ ಉಳಿಸಿಕೊಡುವ ಕಲ್ಲುನೆಲ ಬೇಕು. ಉತ್ತರಕ್ಕೆ ಹರಿಯುವ ರೈನ್ ನದಿ ಮೈಂಜ್ ನಗರದ ಬಳಿ ಬೆಟ್ಟ ಅಡ್ಡಬಂದು ಸುಮಾರು 30 ಕಿಲೋಮೀಟರ್ ದೂರ ಪಶ್ಚಿಮಕ್ಕೆ ತಿರುಗುತ್ತದೆ. ಆ ತಿರುವಿನ ಬಲದಂಡೆಯೇ ರೈನ್‌ಗೌ ಎಂಬ ಪ್ರಸಿದ್ಧ ಸೀಮೆ. ಮೋಸೆಲ್ ನದಿಯಂತೂ ಹಾವಿನಂತೆ ಹೊರಳಿ ಹೊರಳಿ ಹರಿಯುತ್ತದೆ. ಪ್ರತಿ ಹೊರಳಿಗೂ ಒಂದು ದಡ ಸೂರ್ಯನಿಗೆ ಮುಖಮಾಡಿದರೆ ಎದುರುದಡ ಬೆನ್ನು ಮಾಡಿರುತ್ತದೆ. ಸೂರ್ಯನತ್ತ ಮುಖಮಾಡಿದ ದಡ ಕರಿ ಬಳಪದ ಕಲ್ಲಿನ ಕಡಿದಾದ ಬೆಟ್ಟ. ಹಗ್ಗ, ರಾಟೆ ಹಿಡಿದು ಹತ್ತಿ ಕೆಲಸ ಮಾಡುವಂಥದ್ದು. ಎದುರುದಡ ಸಮತಟ್ಟು, ಬೆಳೆ ಸುಲಭ, ಹಣ್ಣು ಸಾಧಾರಣ. ನೂರು ಗಜದ ಅಂತರದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಹುಟ್ಟುತ್ತವೆ. ವಾಚಕರು ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಾನೂನುಗಳ ಗೊಂದಲ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಬಳ್ಳಿಯನ್ನು ಅಲ್ಲಿಗೆ ತಂದವರು ರೋಮನರು. ಪೀಸ್‌ಪೋರ್ಟಿನಲ್ಲೇ ನಾಲ್ಕನೆಯ ಶತಮಾನದ ದೊಡ್ಡದೊಂದು ರೋಮನ್ ಗಾಣದ ಅವಶೇಷ 1985ರಲ್ಲಿ ಅಗೆತದಲ್ಲಿ ದೊರೆಯಿತು. ರೋಮನರ ನಂತರ ಮಠಗಳು ಈ ಕಸುಬನ್ನು ಉಳಿಸಿದವು. ರೈನ್‌ಗೌ ಸೀಮೆಯಲ್ಲಿ 1136ರಲ್ಲಿ ಸ್ಥಾಪನೆಯಾದ ಎಬರ್‌ಬಾಖ್ ಮಠದ ಸಂನ್ಯಾಸಿಗಳು ಕಾಡು ಕಡಿದು ತೋಟ ಮಾಡಿ, ರೈನ್ ನದಿಯ ಮೇಲೆ ಪೀಪಾಯಿಗಳನ್ನು ಸಾಗಿಸಿ ವ್ಯಾಪಾರ ನಡೆಸಿದರು.

ಆ ದೇಶದ ಹೆಮ್ಮೆಯ ಬಳ್ಳಿ ರೀಸ್ಲಿಂಗ್. ಅದರ ಹುಟ್ಟುಪತ್ರ ಇರುವುದು ಎಲ್ಲಿ ಎಂದು ತಿಳಿದಾಗ ನಮಗೆ ಬಹಳ ಸಂತೋಷವಾಯಿತು. ಅದು ಯಾವ ಕವಿಯ ಕಾವ್ಯದಲ್ಲೂ ಇಲ್ಲ, ಒಬ್ಬ ಗುಮಾಸ್ತನ ಲೆಕ್ಕದ ಪುಸ್ತಕದಲ್ಲಿದೆ. 1435ರ ಮಾರ್ಚ್ 13ರಂದು ರ್‍ಯೂಸೆಲ್ಸ್‌ಹೈಮ್ ಎಂಬಲ್ಲಿ ಕಾಟ್ಸೆನೆಲ್ನ್‌ಬೋಗನ್ ಪ್ರಭುವಿನ ಪಾರುಪತ್ತೆಗಾರ ಕ್ಲೌಸ್ ಕ್ಲೈನ್‌ಫಿಶ್ ಎಂಬವನು, ತೋಟಕ್ಕೆ ರೀಸ್ಲಿಂಗ್ ಸಸಿಗಳನ್ನು ಕೊಂಡದ್ದಕ್ಕಾಗಿ 22 ಶಿಲ್ಲಿಂಗ್ ಖರ್ಚು ಬರೆದಿಟ್ಟಿದ್ದಾನೆ. ಪ್ರಭುವಿನ ವಂಶ ಅಳಿಯಿತು. ಆ ಊರು ಈಗ ಓಪೆಲ್ ಮೋಟಾರು ಕಾರ್ಖಾನೆಯಿಂದ ಪ್ರಸಿದ್ಧ. ಖರ್ಚಿನ ಬಾಬತ್ತು ಮಾತ್ರ ಉಳಿದಿದೆ.

ಚೀಟಿಗಳ ಮೇಲೆ ಕಾಣುವ ‘ಷ್ಪೇಟ್‌ಲೇಸೆ’ ಎಂಬ ಪದಕ್ಕೆ ತಡವಾಗಿ ಕೊಯ್ದದ್ದು ಎಂದರ್ಥ. ಅದರ ಹಿಂದೆಯೂ ಕಚೇರಿಯ ಕಥೆಯೊಂದು ಇದೆ. ಯೋಹಾನಿಸ್‌ಬೆರ್ಗ್ ತೋಟ ಹದಿನೆಂಟನೆಯ ಶತಮಾನದಲ್ಲಿ ದೂರದ ಫುಲ್ಡಾದ ಧರ್ಮಾಧಿಕಾರಿಯ ಸ್ವತ್ತು. ಅವನ ಲಿಖಿತ ಅಪ್ಪಣೆ ಬರದೆ ಹಣ್ಣು ಕೊಯ್ಯುವಂತಿರಲಿಲ್ಲ. 1775ರಲ್ಲಿ ಅಪ್ಪಣೆ ತರಬೇಕಾದ ಸವಾರ ಬಹಳ ತಡವಾಗಿ ಬಂದನೆಂದೂ, ಅಷ್ಟರಲ್ಲಿ ಹಣ್ಣೆಲ್ಲ ಬೂಜು ಹಿಡಿದು ಸುಕ್ಕುಗಟ್ಟಿತ್ತೆಂದೂ, ಬೇರೆ ದಾರಿಯಿಲ್ಲದೆ ಅದನ್ನೇ ಹಿಂಡಿದಾಗ ಹಿಂದೆಂದೂ ಕಾಣದ ಸವಿಯ ರಸ ಬಂದಿತೆಂದೂ ಹೇಳುತ್ತಾರೆ. ಆ ಬೂಜು ಹಣ್ಣಿನ ನೀರನ್ನು ಹೀರಿ ಸಕ್ಕರೆಯನ್ನು ಗಟ್ಟಿಮಾಡುತ್ತದೆ ಎಂಬುದು ಹಂಗೇರಿಯ ಟೋಕಾಯ್ ಸೀಮೆಯವರಿಗೆ ಆಗಲೇ ತಿಳಿದಿತ್ತು. ಆದರೂ ಯೋಹಾನಿಸ್‌ಬೆರ್ಗಿನ ಅಂಗಳದಲ್ಲಿ ಇಂದಿಗೂ ಆ ಸವಾರನ ಪ್ರತಿಮೆ ನಿಂತಿದೆ. ತಡಮಾಡಿದ ಸರ್ಕಾರಿ ನೌಕರನಿಗೆ ಪ್ರತಿಮೆ ನಿಲ್ಲಿಸಿದ ಇನ್ನೊಂದು ಊರನ್ನು ನಾವು ಕೇಳಿಲ್ಲ.

ಆದರೆ ಎಲ್ಲ ವರ್ಷವೂ ಹಣ್ಣು ಮಾಗುತ್ತಿರಲಿಲ್ಲ. ಹತ್ತು ವರ್ಷಗಳಲ್ಲಿ ಮೂರು ನಾಲ್ಕು ಒಳ್ಳೆಯವು ಬಂದರೆ ಅದೇ ಭಾಗ್ಯ. ಉಳಿದ ವರ್ಷಗಳಲ್ಲಿ ರಸ ಹುಣಿಸೆಯಂತೆ ಹುಳಿ. ಮೋಸೆಲ್ ಸೀಮೆ 1815ರಲ್ಲಿ ಪ್ರಷ್ಯಾ ರಾಜ್ಯಕ್ಕೆ ಸೇರಿದಾಗ ಮೊದಮೊದಲು ಸುಂಕದ ಗೋಡೆಯೊಳಗೆ ಸುಖವಾಗಿತ್ತು. ದಕ್ಷಿಣದ ರಾಜ್ಯಗಳೊಡನೆ ಒಪ್ಪಂದಗಳಾಗಿ, 1834ರಲ್ಲಿ ಸುಂಕ ಒಕ್ಕೂಟವಾದ ಮೇಲೆ ಅಗ್ಗದ ರಸ ಒಳನುಗ್ಗಿತು. ರೈತರು ಸಾಲದಲ್ಲಿ ಮುಳುಗಿದರು. ಟ್ರಿಯರ್ ಊರಿನಲ್ಲಿ ಹುಟ್ಟಿದ ಇಪ್ಪತ್ತನಾಲ್ಕು ವರ್ಷದ ಪತ್ರಿಕಾ ಸಂಪಾದಕನೊಬ್ಬ 1843ರ ಜನವರಿಯಲ್ಲಿ ಈ ರೈತರ ಬವಣೆಯ ಬಗ್ಗೆ ಲೇಖನಮಾಲೆ ಬರೆದು, ಅಧಿಕಾರಿಗಳು ಹೊಲದ ಕಷ್ಟಕ್ಕಿಂತ ತಮ್ಮ ಕಡತವನ್ನೇ ಹೆಚ್ಚು ನಂಬುತ್ತಾರೆಂದು ವಾದಿಸಿದ. ಕೆಲವೇ ವಾರಗಳಲ್ಲಿ ಪತ್ರಿಕೆ ಮುಚ್ಚಿಹೋಯಿತು. ಆ ಸಂಪಾದಕನ ಹೆಸರು ಕಾರ್ಲ್ ಮಾರ್ಕ್ಸ್. ತನ್ನನ್ನು ಅರ್ಥಶಾಸ್ತ್ರದ ಕಡೆಗೆ ಮೊದಲು ತಿರುಗಿಸಿದ ಸಂಗತಿಗಳಲ್ಲಿ ಈ ರೈತರ ವಿಷಯವೂ ಒಂದೆಂದು ಮುಂದೆ ಅವನೇ ಹೇಳಿದ್ದಾನೆ.

ಅದೇ ಸೀಮೆಯ ಲುಡ್ವಿಗ್ ಗಾಲ್ ಎಂಬ ಸಮಾಜಸುಧಾರಕ ಬೇರೊಂದು ಔಷಧ ಹುಡುಕಿದ. ಹುಳಿರಸಕ್ಕೆ ಹುದುಗುವ ಮೊದಲು ಸಕ್ಕರೆ ಕದಡಿದ ನೀರನ್ನು ಸೇರಿಸುವ ಕ್ರಮವನ್ನು 1850ರ ದಶಕದಲ್ಲಿ ಪ್ರಚಾರ ಮಾಡಿದ. ಹುಳಿ ತಗ್ಗಿತು, ರಸ ಹೆಚ್ಚಿತು, ಬಡವನ ಪೀಪಾಯಿ ಮಾರಾಟವಾಯಿತು. ಬೆಟ್ಟದ ಒಳ್ಳೆಯ ತೋಟಗಳ ಒಡೆಯರು ಇದು ಕಲಬೆರಕೆ ಎಂದು ಕೂಗೆಬ್ಬಿಸಿದರು. ಗಾಲ್ ಮಾಡಿದ್ದು ಉಪಕಾರವೋ ಅಪಕಾರವೋ ಎಂಬ ಜಗಳ ಅಲ್ಲಿಂದ ಇಲ್ಲಿಯವರೆಗೆ ಪೂರ್ತಿ ತೀರಿಲ್ಲ. ಮಕ್ಕಳ ಹೊಟ್ಟೆ ತುಂಬಿಸಲು ಹೆಣಗುವವನಿಗೆ ಪರಿಶುದ್ಧತೆಯ ಪಾಠ ಹೇಳುವುದು ಸುಲಭ. ಹಾಗೆಂದು ಸಕ್ಕರೆನೀರಿಗೂ ಬೆಟ್ಟದ ರಸಕ್ಕೂ ಒಂದೇ ಚೀಟಿ ಅಂಟಿಸುವುದೂ ನ್ಯಾಯವಲ್ಲ. ಸಕ್ಕರೆ ಹಾಕಲಿ, ಹಾಕಿದ್ದೇವೆಂದು ಹೇಳಲಿ ಎಂಬುದೇ ನಮಗೆ ಸರಿ ಕಾಣುತ್ತದೆ.

ಈ ಕಾಲದಲ್ಲೇ ನಮಗೆ ಅತ್ಯಂತ ಪ್ರಿಯವಾದ ಕೆಲಸವೊಂದು ನಡೆಯಿತು. ಪ್ರಷ್ಯಾದ ಕಂದಾಯ ಇಲಾಖೆಯವರು ಭೂಕಂದಾಯಕ್ಕಾಗಿ ಪ್ರತಿ ದ್ರಾಕ್ಷಿತೋಟವನ್ನೂ ಅದರ ನಿವ್ವಳ ಆದಾಯದ ಮೇಲೆ ತರಗತಿಗಳಾಗಿ ವಿಂಗಡಿಸಿದ್ದರು. ಆ ದಫ್ತರಗಳ ಆಧಾರದ ಮೇಲೆ ಕ್ಲೋಟನ್ ಎಂಬ ತೆರಿಗೆ ಅಧಿಕಾರಿ 1868ರಲ್ಲಿ ಟ್ರಿಯರ್ ಜಿಲ್ಲೆಯ ಮೋಸೆಲ್ ಮತ್ತು ಸಾರ್ ನದಿಗಳ ತೋಟಗಳ ನಕ್ಷೆಯನ್ನು ಪ್ರಕಟಿಸಿದ. ಹೆಚ್ಚು ಕಂದಾಯದ ತೋಟಕ್ಕೆ ಗಾಢ ಬಣ್ಣ, ಕಡಿಮೆಯದಕ್ಕೆ ತೆಳುಬಣ್ಣ. ರೈನ್‌ಗೌ ಸೀಮೆಗೂ 1867ರಲ್ಲಿ ಇಂಥದೇ ನಕ್ಷೆ ಬಂದಿತ್ತು. ಇವರು ರಸದ ರುಚಿ ಹೇಳಲು ಹೊರಟವರಲ್ಲ. ಸರ್ಕಾರಕ್ಕೆ ಬರಬೇಕಾದ ಕಾಸು ತಪ್ಪದಿರಲೆಂದು ದುಡಿದವರು. ಆದರೆ ಯಾವ ಗುಡ್ಡದ ಯಾವ ಮೂಲೆಯಲ್ಲಿ ಹಣ್ಣು ಚೆನ್ನಾಗಿ ಮಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕ ದಾಖಲೆ ಮತ್ತೊಂದಿರಲಾರದು. ಕಂದಾಯ ಜಾಸ್ತಿ ಬೀಳುವುದಾದರೆ ಯಾವ ರೈತ ತಾನೇ ತನ್ನ ಹೊಲವನ್ನು ಇಲ್ಲದ್ದು ಹೇಳಿ ಹೊಗಳಿಕೊಳ್ಳುತ್ತಾನೆ?

ಇನ್ನೊಂದು ಅಳತೆಯೂ ಅಷ್ಟರಲ್ಲಿ ಬಂದಿತ್ತು. ಫೋರ್ಟ್ಸ್‌ಹೈಮ್ ಊರಿನ ಅಕ್ಕಸಾಲಿ, ಯಂತ್ರಕುಶಲಿ ಫರ್ಡಿನಾಂಡ್ ಏಕ್ಸ್‌ಲೆ 1830ರ ದಶಕದಲ್ಲಿ ದ್ರಾಕ್ಷಿಹಿಂಡಿನ ರಸದ ಸಾಂದ್ರತೆ ಅಳೆಯುವ ತೇಲುಗೋಲನ್ನು ರೂಢಿಗೆ ತಂದ. ನಾವು ಬಿ.ಎಸ್‌ಸಿ. ಪ್ರಯೋಗಾಲಯದಲ್ಲಿ ಹಿಡಿದ ಹೈಡ್ರೋಮೀಟರಿನ ತಮ್ಮನೇ ಅದು. ಒಂದು ಲೀಟರ್ ನೀರು 1000 ಗ್ರಾಂ ತೂಗುವ ಕಡೆ ಒಂದು ಲೀಟರ್ ಹಸಿರಸ 1090 ಗ್ರಾಂ ತೂಗಿದರೆ ಅದು 90 ಏಕ್ಸ್‌ಲೆ. ಹೆಚ್ಚಿನ ತೂಕದ ಬಹುಪಾಲು ಸಕ್ಕರೆ. ಸಕ್ಕರೆ ಹುದುಗಿ ಮದ್ಯಸಾರವಾಗುತ್ತದೆ. 90 ಏಕ್ಸ್‌ಲೆ ರಸ ಪೂರ್ತಿ ಹುದುಗಿದರೆ ಸುಮಾರು ಶೇಕಡಾ 12ರಷ್ಟು ಮದ್ಯಸಾರ. ಲೆಕ್ಕ ಅಷ್ಟು ಸರಳ.

ಸರಳವಾದ ಅಳತೆಯಲ್ಲಿರುವ ಅಪಾಯವನ್ನು ಮುಂಬಯಿಯ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಆಳಕ್ಕೆ ಇಳಿದು ಕಳ್ಳತನ ತೋರಿಸುತ್ತದೆ. ಆದರೆ ಹಾಲಿನ ಭೈಯಾ ಮೊದಲು ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ. ಆಮೇಲೆ ಲೆಕ್ಕವಾಗಿ ನೀರು ಹೊಯ್ದರೆ ಗೆರೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತದೆ. ಕೆನೆಯೂ ಹೋಯಿತು, ನೀರೂ ಸೇರಿತು, ಮಾಪಕದ ಪ್ರಕಾರ ಹಾಲು ಶುದ್ಧ! ಈ ಮಾತಿಗೆ ನಾವು ಮತ್ತೆ ಬರುತ್ತೇವೆ.

ಕಾನೂನುಗಳು ಒಂದರ ಮೇಲೊಂದು ಬಂದವು. 1892ರ ಕಾಯಿದೆ ಸಕ್ಕರೆ ಬೆರೆಸುವುದನ್ನು ಮಾನ್ಯಮಾಡಿತು. 1909ರ ಕಾಯಿದೆ ಅದಕ್ಕೆ ಮಿತಿ ಹಾಕಿ, ಏನೂ ಬೆರೆಸದ ರಸಕ್ಕೆ ಮಾತ್ರ ‘ನಾಟೂರ್‌ರೈನ್’, ಅಂದರೆ ಸಹಜಶುದ್ಧ, ಎಂಬಂಥ ಮಾತುಗಳು ಸಲ್ಲುವಂತೆ ಮಾಡಿತು. ಸಹಜರಸವನ್ನು ಹರಾಜಿನಲ್ಲಿ ಮಾರುವ ತೋಟದವರು 1910ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಆ ಕಾಲಕ್ಕೆ ಲಂಡನ್ನಿನಲ್ಲಿ ರೈನ್ ಮತ್ತು ಮೋಸೆಲ್ಲಿನ ಉತ್ತಮ ಸೀಸೆಗಳು ಫ್ರಾನ್ಸಿನ ಹೆಸರಾಂತ ಸೀಸೆಗಳಿಗೆ ಬೆಲೆಯಲ್ಲಿ ಸರಿಸಮಾನವಾಗಿದ್ದವು.

ಅದೇ 1910ರಲ್ಲಿ ತದ್ವಿರುದ್ಧವಾದ ಕೆಲಸವೂ ಆಯಿತು. ವೋರ್ಮ್ಸ್ ನಗರದ ಮಾತೆ ಮೇರಿಯ ಚರ್ಚಿನ ಸುತ್ತ ಗೋಡೆಯೊಳಗೆ ಒಂದು ಸಣ್ಣ ತೋಟವಿದೆ. ಅದರ ರಸಕ್ಕೆ ‘ಲೀಬ್‌ಫ್ರೌಮಿಲ್ಷ್’, ಅಂದರೆ ಮಾತೆಯ ಹಾಲು, ಎಂಬ ಹೆಸರಿತ್ತು. ಹೆಸರು ಚೆನ್ನಾಗಿ ಮಾರಾಟವಾಗುತ್ತಿದ್ದುದರಿಂದ ಎಲ್ಲೆಲ್ಲಿನ ರಸಕ್ಕೂ ವರ್ತಕರು ಅದನ್ನೇ ಅಂಟಿಸತೊಡಗಿದ್ದರು. ಜಗಳ ವೋರ್ಮ್ಸಿನ ವರ್ತಕರ ಮಂಡಲಿಯ ಮುಂದೆ ಬಂದಾಗ, ರೈನ್ ಸೀಮೆಯ ಒಳ್ಳೆಯ ಗುಣದ ರಸಕ್ಕೆಲ್ಲ ಆ ಹೆಸರು ಸಲ್ಲಬಹುದೆಂದು ತೀರ್ಮಾನವಾಯಿತು. ಮೂಲ ತೋಟದವರು ತಮ್ಮದಕ್ಕೆ ಬೇರೆ ಹೆಸರಿಟ್ಟುಕೊಳ್ಳಬೇಕಾಯಿತು! ಮೈಂಜ್ ನಗರದ ಸಿಷೆಲ್ ಮನೆತನದವರು 1920ರ ದಶಕದಲ್ಲಿ ‘ಬ್ಲೂ ನನ್’ ಎಂಬ ಗುರುತಿನಿಂದ ಹೊರತಂದ ಲೀಬ್‌ಫ್ರೌಮಿಲ್ಷ್ ಮುಂದೆ ಇಂಗ್ಲೆಂಡು, ಅಮೆರಿಕಗಳಲ್ಲಿ ಮನೆಮಾತಾಯಿತು. ಸಿಷೆಲ್ಲರು ಯೆಹೂದಿಗಳು. ದ್ರಾಕ್ಷಾರಸದ ವ್ಯಾಪಾರದಲ್ಲಿ ಯೆಹೂದಿ ವರ್ತಕರ ಪಾಲು ದೊಡ್ಡದಾಗಿತ್ತು. ಹಿಟ್ಲರನ ಆಡಳಿತದಲ್ಲಿ ಅವರೆಲ್ಲ ಅಂಗಡಿ ಕಳೆದುಕೊಂಡು ದೇಶಬಿಟ್ಟರು, ಬಿಡಲಾಗದವರು ಪ್ರಾಣ ಕಳೆದುಕೊಂಡರು. ಪ್ರಪಂಚದ ಗಿರಾಕಿಗಳ ಮುಖಪರಿಚಯವಿದ್ದ ಒಂದು ತಲೆಮಾರೇ ಅಳಿಸಿಹೋಯಿತು.

ಯುದ್ಧ ಮುಗಿದು, ಯೂರೋಪಿನ ಸಾಮಾನ್ಯ ಮಾರುಕಟ್ಟೆ ಏರ್ಪಟ್ಟು, ಎಲ್ಲ ದೇಶಗಳೂ ತಮ್ಮ ದ್ರಾಕ್ಷಾರಸದ ಕಾನೂನುಗಳನ್ನು ಒಂದು ಚೌಕಟ್ಟಿಗೆ ತರಬೇಕಾಗಿ ಬಂದಾಗ ಪಶ್ಚಿಮ ಜರ್ಮನಿ 1971ರ ಜುಲೈನಲ್ಲಿ ಹೊಸ ಕಾಯಿದೆಯನ್ನು ಜಾರಿಗೆ ತಂದಿತು. ನಮ್ಮ ಸೀಸೆಯ ಚೀಟಿಗೆ ಮೂಲಪುರುಷ ಇದೇ ಕಾಯಿದೆ. ಅದನ್ನು ಬರೆದವರು ನಮ್ಮಂಥವರೇ ಇರಬೇಕು; ಅಷ್ಟು ಅಚ್ಚುಕಟ್ಟು! ದೇಶವನ್ನು 11 ಸೀಮೆಗಳಾಗಿ ವಿಂಗಡಿಸಿದರು (ಎರಡು ಜರ್ಮನಿಗಳು 1990ರಲ್ಲಿ ಒಂದಾದ ಮೇಲೆ ಪೂರ್ವದ ಸಾಲೆ-ಉನ್‌ಸ್ಟ್ರುಟ್ ಮತ್ತು ಸಾಕ್ಸನಿ ಸೇರಿ 13 ಆದವು). ರಸವನ್ನು ಊಟದ ಸಾಧಾರಣ ರಸ, ನಿಗದಿತ ಸೀಮೆಯ ಗುಣರಸ, ಬಿರುದುಳ್ಳ ಗುಣರಸ ಎಂದು ವಿಂಗಡಿಸಿದರು. ಬಿರುದುಳ್ಳದ್ದಕ್ಕೆ ಸಕ್ಕರೆ ಹಾಕುವಂತಿಲ್ಲ. ಬಿರುದುಗಳು ಏಕ್ಸ್‌ಲೆ ಮಾಪಕದ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಕಾಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ, ಬೇರೆನ್‌ಔಸ್‌ಲೇಸೆ, ಟ್ರೋಕನ್‌ಬೇರೆನ್‌ಔಸ್‌ಲೇಸೆ ಎಂದು ಏರುತ್ತವೆ. ಕೊನೆಯದನ್ನು ಒಂದೇ ಉಸಿರಿಗೆ ಹೇಳಲು ನಮಗೆ ಮೂರು ದಿನ ಹಿಡಿಯಿತು. ಒಣಗಿ ಒಣದ್ರಾಕ್ಷಿಯಂತಾದ ಹಣ್ಣನ್ನು ಒಂದೊಂದಾಗಿ ಆರಿಸಿ ಹಿಂಡಿದ್ದು ಎಂದಷ್ಟೇ ಅದರ ಅರ್ಥ. ಮೋಸೆಲ್ಲಿನ ರೀಸ್ಲಿಂಗಿಗೆ ಔಸ್‌ಲೇಸೆ ಎನಿಸಿಕೊಳ್ಳಲು ಕನಿಷ್ಠ 83 ಏಕ್ಸ್‌ಲೆ ಬೇಕು, ಬೇರೆನ್‌ಔಸ್‌ಲೇಸೆಗೆ 110, ಟ್ರೋಕನ್‌ಬೇರೆನ್‌ಔಸ್‌ಲೇಸೆಗೆ 150. ಗುಣರಸದ ಪ್ರತಿಯೊಂದು ತಂಡವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಚೀಟಿ ಮುಚ್ಚಿಟ್ಟು ರುಚಿನೋಡುವವರಿಂದ ಅಂಕ ಹಾಕಿಸಿ, ಪಾಸಾದದ್ದಕ್ಕೆ ಎ.ಪಿ. ನಂಬರ್ ಕೊಡತಕ್ಕದ್ದು. ಮಾದರಿ ಸೀಸೆಗಳನ್ನು ಮೊಹರು ಮಾಡಿ ಕಾದಿಡತಕ್ಕದ್ದು.

ಇಷ್ಟರವರೆಗೆ ನಮಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಹೆಸರುಗಳ ವಿಷಯದಲ್ಲಿ. ಅದಕ್ಕೆ ಮುಂಚೆ ಜರ್ಮನಿಯಲ್ಲಿ ಸುಮಾರು 30,000 ತೋಟದ ಹೆಸರುಗಳಿದ್ದವಂತೆ. ಒಂದೊಂದು ಗೇಣು ನೆಲಕ್ಕೂ ಒಂದೊಂದು ಹೆಸರು. ಗಿರಾಕಿಗೆ ತಲೆತಿರುಗುವುದು ನಿಜ. ಹೊಸ ಕಾಯಿದೆ ಸಾಮಾನ್ಯವಾಗಿ 5 ಹೆಕ್ಟೇರಿಗಿಂತ ಕಿರಿದಾದ ತೋಟಕ್ಕೆ ಪ್ರತ್ಯೇಕ ಹೆಸರಿಲ್ಲವೆಂದು ಹೇಳಿ, ಅಕ್ಕಪಕ್ಕದವುಗಳನ್ನು ಒಂದುಗೂಡಿಸಿ, ಹೆಸರುಗಳನ್ನು 2,600ರ ಆಸುಪಾಸಿಗೆ ಇಳಿಸಿತು. ಪೀಸ್‌ಪೋರ್ಟಿನ ಕಡಿದಾದ ಬೆಟ್ಟದ ತೋಟಕ್ಕೆ ‘ಗೋಲ್ಡ್‌ಟ್ರೋಪ್ಶೆನ್’, ಚಿನ್ನದ ಹನಿ, ಎಂದು ಹೆಸರು. ಹಳೆಯ ಹನಿಗೆ ಪಕ್ಕದ ನೆಲವೂ ಸೇರಿ ಅದು ಹಿಗ್ಗಿತು.

ಅಲ್ಲಿಗೆ ನಿಲ್ಲಿಸಿದ್ದರೆ ಸಹಿಸಬಹುದಿತ್ತು. ಕಾಯಿದೆ ‘ಗ್ರೋಸ್‌ಲಾಗೆ’ ಎಂಬ ಇನ್ನೊಂದು ವರ್ಗವನ್ನು ಗಟ್ಟಿಮಾಡಿತು. ಹಲವು ಊರುಗಳ ಹತ್ತಾರು ತೋಟಗಳನ್ನು ಒಟ್ಟುಹಾಕಿ, ಅದಕ್ಕೆ ತೋಟದ ಹೆಸರಿನಂತೆಯೇ ಕೇಳಿಸುವ ಒಂದು ಹೆಸರಿಟ್ಟು, ಅದರ ಮುಂದೆ ಆ ಗುಂಪಿನ ಅತ್ಯಂತ ಪ್ರಸಿದ್ಧ ಊರನ್ನು ಅಂಟಿಸಲು ಅಪ್ಪಣೆ ಕೊಟ್ಟಿತು. ‘ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್ಶೆನ್’ ಎಂದರೆ ಪೀಸ್‌ಪೋರ್ಟಿನ ಒಂದು ತೋಟ. ‘ಪೀಸ್‌ಪೋರ್ಟರ್ ಮಿಖೆಲ್ಸ್‌ಬೆರ್ಗ್’ ಎಂದರೆ ಆ ಊರಿನದೂ ಇರಬಹುದು, ಎದುರುದಡದ ಸಮತಟ್ಟು ನೆಲದ್ದೂ ಇರಬಹುದು, ನೆರೆಹಳ್ಳಿಗಳದ್ದೂ ಇರಬಹುದು. ಯಾವುದು ತೋಟ, ಯಾವುದು ಗುಂಪು ಎಂದು ತಿಳಿಸುವ ಗುರುತು ಚೀಟಿಯ ಮೇಲೆ ಒಂದೂ ಇಲ್ಲ. ‘ನೀರ್‌ಸ್ಟೈನರ್ ಗೂಟೆಸ್ ಡೋಮ್‌ಟಾಲ್’ ಎಂಬುದು ಇನ್ನೂ ಸೊಗಸು. ಅದರಲ್ಲಿ ಹದಿನೈದು ಹಳ್ಳಿಗಳ ನೆಲ ಇದೆ. ಹೆಸರು ಕೊಟ್ಟ ನೀರ್‌ಸ್ಟೈನಿನ ಪಾಲು ಅದರ ಒಂದು ಮೂಲೆ ಮಾತ್ರ.

ಮುಂಬಯಿ ಕನ್ನಡಿಗರು ಇಲ್ಲಿ ನಗದೆ ಇರಲಾರರು. ಈ ನಗರದಲ್ಲಿ ‘ಉಡುಪಿ’ ಎಂದು ಬೋರ್ಡು ಹಾಕಿದ ಹೋಟೆಲುಗಳಲ್ಲಿ ಉಡುಪಿಯವರದೇ ಆದವು ಎಷ್ಟು, ಅಡಿಗೆಯವರಿಂದ ಮಾಲೀಕರವರೆಗೆ ಯಾರೂ ಉಡುಪಿಯ ರಥಬೀದಿಯನ್ನು ಕಾಣದವು ಎಷ್ಟು ಎಂದು ನಾವು ಹೇಳಬೇಕಾಗಿಲ್ಲ. ಆದರೂ ದೋಸೆಯ ‘ಉಡುಪಿ’ ಒಂದು ಬಗೆಯ ಹೆಸರು. ತಿನ್ನುವವನು ಊರನ್ನು ಕೊಳ್ಳುತ್ತಿಲ್ಲ. ಪೀಸ್‌ಪೋರ್ಟಿನ ಹೆಸರಿಗೆ ಬೆಲೆ ಬಂದದ್ದು ಆ ಬೆಟ್ಟದಿಂದ. ಬೆಟ್ಟ ಹತ್ತಿ ಸೊಂಟ ಬಗ್ಗಿಸಿದ ಕುಟುಂಬವೂ, ಎದುರುದಡದಲ್ಲಿ ಟ್ರ್ಯಾಕ್ಟರ್ ಓಡಿಸಿದವನೂ ಒಂದೇ ಹೆಸರನ್ನು ಮಾರಿದಾಗ ಎರಡನೆಯವನೇ ಅಗ್ಗವಾಗಿ ಮಾರಬಲ್ಲ. ಲಂಡನ್ನಿನ ಅಂಗಡಿಯಲ್ಲಿ ಅಗ್ಗದ ಪೀಸ್‌ಪೋರ್ಟರ್ ಕುಡಿದವನು ದುಬಾರಿ ಪೀಸ್‌ಪೋರ್ಟರಿಗೆ ಹಣ ಏಕೆ ಕೊಟ್ಟಾನು? ಕೊಡಲಿಲ್ಲ. ಕಡಿದಾದ ಬೆಟ್ಟದ ಎಷ್ಟೋ ತೋಟಗಳು ಒಂದೊಂದಾಗಿ ಪೊದೆ ಬೆಳೆದು ಪಾಳುಬಿದ್ದವು.

ಇನ್ನು ಲ್ಯಾಕ್ಟೋಮೀಟರಿನ ಮಾತು. ಕಾಯಿದೆ ನೆಲದ ದರ್ಜೆಯನ್ನು ಬಿಟ್ಟು ಸಕ್ಕರೆಯ ದರ್ಜೆಯನ್ನು ಹಿಡಿಯಿತು. ತತ್ತ್ವವೇನೋ ಉದಾತ್ತ: ದೊಡ್ಡ ತೋಟದ ಒಡೆಯನಾಗಲಿ, ಹೆಸರಿಲ್ಲದ ಹಳ್ಳಿಯ ಬಡವನಾಗಲಿ, ಹಣ್ಣು ಮಾಗಿಸಿದವನಿಗೆ ಬಿರುದು. ಆದರೆ ಮಾಪಕ ಅಳೆಯುವುದು ಸಕ್ಕರೆಯನ್ನು, ಸ್ವಾದವನ್ನಲ್ಲ. ಬೇಗ ಮಾಗಿ ಬೇಗ ಸಿಹಿಯಾಗುವ ಹೊಸ ತಳಿಗಳನ್ನು ಪ್ರಯೋಗಾಲಯಗಳಲ್ಲಿ ಸಂಕರ ಮಾಡಿ, ಸಕ್ಕರೆ ಬೀಟು ಬೆಳೆಯುತ್ತಿದ್ದ ಬಯಲುಗಳಲ್ಲಿ ನೆಟ್ಟರು. ಹೊಸ ತಳಿಯ ಸಪ್ಪೆ ರಸವೂ ಗೆರೆ ಮುಟ್ಟಿ ಔಸ್‌ಲೇಸೆ ಎನಿಸಿಕೊಂಡಿತು. ಕಾನೂನಿನ ಪ್ರಕಾರ ಯಾರೂ ತಪ್ಪು ಮಾಡಲಿಲ್ಲ. ನಾಟೂರ್‌ರೈನ್ ಎಂಬ ಹಳೆಯ ಮಾತನ್ನು ಚೀಟಿಯಲ್ಲಿ ಬರೆಯುವುದನ್ನೂ ಹೊಸ ಕಾಯಿದೆ ತೆಗೆದುಹಾಕಿತು. 1910ರ ಸಂಘಕ್ಕೆ ತನ್ನ ಹೆಸರನ್ನೇ ಬದಲಿಸಿಕೊಳ್ಳಬೇಕಾಯಿತು.

ಕಾನೂನು ಮುರಿದು ಮಾಡಿದ ಮೋಸ ಬಯಲಾದದ್ದು 1985ರಲ್ಲಿ, ನೆರೆಯ ಆಸ್ಟ್ರಿಯಾದಲ್ಲಿ. ಅಲ್ಲಿನ ಕೆಲವು ವರ್ತಕರು ತೆಳುವಾದ ರಸಕ್ಕೆ ಗಟ್ಟಿತನ, ಸಿಹಿ ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಬೆರೆಸಿದ್ದರು. ಆ ಜುಲೈನಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಜನರಿಗೆ ಎಚ್ಚರಿಕೆ ಕೊಟ್ಟಿತು. ಮೋಸಗಾರನೊಬ್ಬ ಆ ರಾಸಾಯನಿಕದ ಖರೀದಿಯನ್ನೂ ತೆರಿಗೆ ಲೆಕ್ಕದಲ್ಲಿ ತೋರಿಸಿ ರಿಯಾಯಿತಿ ಕೇಳಿದ್ದನೆಂಬ ಕಥೆ ಪ್ರಚಾರದಲ್ಲಿದೆ. ದ್ರಾಕ್ಷಿತೋಟದವನಿಗೆ ಇಷ್ಟೊಂದು ಗ್ಲೈಕಾಲ್ ಏಕೆ ಎಂದು ಯಾವನೋ ಗುಮಾಸ್ತ ಹುಬ್ಬೇರಿಸಿದ್ದು ನಿಜವಾಗಿದ್ದರೆ ಅವನಿಗೆ ನಮ್ಮ ನಮಸ್ಕಾರ. ಅದಕ್ಕಿಂತ ಸ್ವಾರಸ್ಯದ ಸಂಗತಿ ಆಮೇಲೆ ನಡೆಯಿತು. ಶುದ್ಧ ಜರ್ಮನ್ ರಸವೆಂದು ಚೀಟಿ ಹೊತ್ತ ಕೆಲವು ಸೀಸೆಗಳಲ್ಲೂ ಗ್ಲೈಕಾಲ್ ಕಂಡುಬಂತು. ಜರ್ಮನಿಯ ಕೆಲವರು ಅಗ್ಗದ ಆಸ್ಟ್ರಿಯನ್ ರಸವನ್ನು ತಮ್ಮದರಲ್ಲಿ ಗುಟ್ಟಾಗಿ ಬೆರೆಸುತ್ತಿದ್ದರೆಂಬುದು ಹೀಗೆ ಹೊರಬಿತ್ತು. ಒಂದು ಮೋಸದ ಕುರುಹು ಇನ್ನೊಂದು ಮೋಸವನ್ನು ಹಿಡಿದುಕೊಟ್ಟಿತು. ಪುಣ್ಯವಶಾತ್ ರಸ ಕುಡಿದು ಯಾರೂ ಸತ್ತ ವರದಿಯಿಲ್ಲ. ಇದೇ ರಾಸಾಯನಿಕ ಔಷಧದ ಗ್ಲಿಸರಿನ್‌ನಲ್ಲಿ ಬೆರೆತು, 1986ರ ಆರಂಭದಲ್ಲಿ ನಮ್ಮ ಮುಂಬಯಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 14 ರೋಗಿಗಳು ಪ್ರಾಣಬಿಟ್ಟದ್ದು, ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿದ್ದು ಇಲ್ಲಿನ ಹಿರಿಯರಿಗೆ ನೆನಪಿರಬೇಕು.

ಆಸ್ಟ್ರಿಯಾದ ರಫ್ತು ಹತ್ತರಲ್ಲಿ ಒಂದು ಪಾಲಿಗೆ ಕುಸಿಯಿತು. ಜಪಾನಿನ ಅಂಗಡಿಗಳಲ್ಲಿ ಹೆಸರಿನ ಗೊಂದಲದಿಂದ ನಿರಪರಾಧಿ ಆಸ್ಟ್ರೇಲಿಯಾದ ಸೀಸೆಗಳನ್ನೂ ಕೆಳಗಿಳಿಸಿದರೆಂದು ಓದಿದ್ದೇವೆ. ಆಸ್ಟ್ರಿಯಾ ಅದೇ ವರ್ಷ ಅತ್ಯಂತ ಕಠಿಣ ಕಾಯಿದೆ ಮಾಡಿ, ಗುಣರಸದ ಸೀಸೆಯ ಮುಚ್ಚಳಕ್ಕೆ ಕೆಂಪು-ಬಿಳಿ-ಕೆಂಪು ಗುರುತನ್ನು ಹಾಕಿಸಿ, ಕಾಲಕ್ರಮದಲ್ಲಿ ಮಾನ ಮರಳಿ ಸಂಪಾದಿಸಿತು. ಜರ್ಮನಿ ಬಹಳ ನಿಧಾನವಾಗಿ ತಿದ್ದಿಕೊಂಡಿತು. ಹೆಸರು ಬದಲಿಸಿಕೊಂಡಿದ್ದ 1910ರ ಆ ಸಂಘವೇ, ಈಗ ಹದ್ದಿನ ಗುರುತಿನ ವಿ.ಡಿ.ಪಿ., ಮುಂದೆ ಬಂದು ತನ್ನ ಸದಸ್ಯರ ತೋಟಗಳನ್ನು ನೆಲದ ಯೋಗ್ಯತೆಯ ಮೇಲೆ ವಿಂಗಡಿಸತೊಡಗಿತು. ಯಾವ ನೆಲ ಯೋಗ್ಯ ಎಂದು ತೀರ್ಮಾನಿಸಲು ಅವರು ಎಲ್ಲಿಗೆ ಹೋದರು? ನೂರಕ್ಕೂ ಹೆಚ್ಚು ವರ್ಷ ಬೀರುವಿನಲ್ಲಿ ದೂಳು ತಿನ್ನುತ್ತಿದ್ದ ಪ್ರಷ್ಯಾದ ಕಂದಾಯ ನಕ್ಷೆಗಳನ್ನೇ ಬಿಚ್ಚಿ ಹರಡಿದರು! ಕ್ಲೋಟನ್ ಸಾಹೇಬರ ಗಾಢ ಬಣ್ಣದ ತೋಟಗಳು ಮತ್ತೆ ತಲೆಯೆತ್ತಿದವು. ಕಡತ ಹಳತಾದರೆ ಸುಟ್ಟುಬಿಡಿ ಎನ್ನುವ ಅಧಿಕಾರಿಗಳಿಗೆ ನಾವು ಈ ಸಂಗತಿಯನ್ನು ಹೇಳುತ್ತಿರುತ್ತೇವೆ.

ಯೂರೋಪಿನ ಒಕ್ಕೂಟ 2009ರಲ್ಲಿ ಹುಟ್ಟಿದೂರಿನ ರಕ್ಷಿತ ಹೆಸರುಗಳ ಹೊಸ ಪದ್ಧತಿ ತಂದ ಮೇಲೆ, ಕೊನೆಗೆ 2021ರಲ್ಲಿ ಜರ್ಮನಿಯ ಕಾಯಿದೆ ನೆಲದ ಕಡೆಗೆ ತಿರುಗಿತು. ಸೀಮೆ, ಊರು, ತೋಟ ಎಂದು ಒಂದಕ್ಕಿಂತ ಒಂದು ಕಿರಿದಾದಂತೆ ನಿಯಮ ಬಿಗಿ. ಗ್ರೋಸ್‌ಲಾಗೆಯನ್ನು ಅಳಿಸಿಹಾಕಲು ದೊಡ್ಡ ವರ್ತಕರು ಬಿಡಲಿಲ್ಲ. ಆದರೆ 2026ರ ಕೊಯ್ಲಿನಿಂದ ಅಂಥ ಚೀಟಿಯ ಮೇಲೆ ಊರಿನ ಹೆಸರಿಗೆ ಬದಲಾಗಿ ‘ರೆಗಿಯೋನ್’, ಅಂದರೆ ಪ್ರದೇಶ, ಎಂಬ ಮಾತು ಬರಬೇಕೆಂದು ಗೊತ್ತುಮಾಡಿದರು. ಅರ್ಧ ಶತಮಾನದ ತಪ್ಪಿಗೆ ಒಂದು ಪದದ ತಿದ್ದುಪಡಿ.

ಅಷ್ಟರಲ್ಲಿ ಹವೆಯೇ ಬದಲಾಗಿದೆ. ಈಗ ಹೆಚ್ಚುಕಡಿಮೆ ಪ್ರತಿ ವರ್ಷವೂ ಹಣ್ಣು ಮಾಗುತ್ತದೆ. ಸಿಹಿ ಸಾಲದೆಂಬ ಚಿಂತೆ ಹೋಗಿ, ಕಾಬಿನೆಟ್ ಎನ್ನುವ ಹಗುರ ರಸಕ್ಕೆ ಸಿಹಿ ಮೀರುತ್ತಿದೆಯೆಂಬ ಚಿಂತೆ ಬಂದಿದೆ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣನ್ನು ಹಿಂಡಿ ಮಾಡುವ ಐಸ್‌ವೈನ್‌ಗೆ ಶೂನ್ಯಕ್ಕಿಂತ 7 ಡಿಗ್ರಿ ಕೆಳಗಿನ ಚಳಿ ಬೇಕು. 2019ರ ಬೆಳೆಗೆ 13 ಸೀಮೆಗಳಲ್ಲಿ ಒಂದರಲ್ಲೂ ಅಂಥ ರಾತ್ರಿ ಬರಲಿಲ್ಲ. ಇಡೀ ದೇಶದಲ್ಲಿ ಐಸ್‌ವೈನ್ ಇಲ್ಲದ ಮೊದಲ ವರ್ಷ ಅದು. ಮಾಪಕ ಹಿಡಿದು ಮೆಟ್ಟಿಲು ಕಟ್ಟಿದ 1971ರ ಮಹನೀಯರು ಇದನ್ನು ಊಹಿಸಿರಲಾರರು.

ನಮ್ಮ ದೇಶದಲ್ಲೂ ಊರಿನ ಹೆಸರಿಗೆ ಕಾನೂನಿನ ಬೇಲಿ ಬಂದಿದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆ 2003ರಲ್ಲಿ ಜಾರಿಗೆ ಬಂತು. ಡಾರ್ಜಿಲಿಂಗ್ ಚಹಾದಿಂದ ಆರಂಭವಾದ ಆ ಪಟ್ಟಿಯಲ್ಲಿ ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ, ನಂಜನಗೂಡು ರಸಬಾಳೆ, ಬೆಂಗಳೂರು ನೀಲಿ ದ್ರಾಕ್ಷಿ ಎಲ್ಲ ಸೇರಿವೆ. ಬ್ಯಾಡಗಿ ಮೆಣಸಿನಕಾಯಿಯೂ ಇದೆ. ಬ್ಯಾಡಗಿ ಎಂಬುದು ತಳಿಯ ಹೆಸರು, ಊರಿನ ಹೆಸರು, ದೊಡ್ಡ ಮಾರುಕಟ್ಟೆಯ ಹೆಸರು ಮೂರೂ ಹೌದು. ಆ ಮಾರುಕಟ್ಟೆಗೆ ಆಂಧ್ರದ ಕಾಯಿಯೂ ಲಾರಿಯಲ್ಲಿ ಬರುತ್ತದೆ. ದಾದರಿನ ಅಂಗಡಿಯಲ್ಲಿ ‘ಅಸಲಿ ಬ್ಯಾಡಗಿ’ ಎಂದು ಕೊಡುವ ಪೊಟ್ಟಣ ಯಾವ ಹೊಲದ್ದು ಎಂದು ನಮ್ಮ ಮನೆಯವರು ಬಣ್ಣ, ಸುಕ್ಕು ನೋಡಿ ಹೇಳಬಲ್ಲರು. ನಮಗೆ ಸಾಧ್ಯವಿಲ್ಲ.

ಈ ಕಥೆಯನ್ನೆಲ್ಲ ಬರೆದು ಅಕ್ಕನ ಮಗನಿಗೆ ಕಳಿಸಿದೆವು. ಅವನು ಒಂದು ಭಾನುವಾರ ರೈಲು ಹಿಡಿದು ಮೋಸೆಲ್ ಕಣಿವೆಗೆ ಹೋಗಿ, ನದಿಯ ಈಚೆ ದಡದಲ್ಲಿ ನಿಂತು ಎದುರಿನ ಬೆಟ್ಟದ ಚಿತ್ರ ತೆಗೆದು ಕಳಿಸಿದ. ಗೋಡೆಯಂತೆ ನಿಂತ ಇಳಿಜಾರು, ಅದರ ಬುಡದಲ್ಲಿ ಊರು, ಚರ್ಚಿನ ಗೋಪುರ. ‘ಮಾಮಾ, ನಾನು ತಂದ ಸೀಸೆ ಬಹುಶಃ ನಾನು ನಿಂತ ದಡದ್ದು’ ಎಂದು ಕೆಳಗೆ ಬರೆದಿದ್ದ. ಕಳೆದ ವಾರ ಬಳ್ಳಿಯ ನೀರು ಬದಲಿಸುವಾಗ ಚೀಟಿ ನೆನೆದು ಕಳಚಿಕೊಂಡಿತು. ಒಣಗಿಸಿ, ಆ ಚಿತ್ರದ ಜೊತೆ ಒಂದು ಕಡತದಲ್ಲಿ ಹಾಕಿ, ಹಗ್ಗ ಕಟ್ಟಿ, ಎ.ಪಿ. ನಂಬರನ್ನೇ ಮೇಲೆ ಬರೆದಿಟ್ಟಿದ್ದೇವೆ.